ಅಧ್ಯಕ್ಷರಿಗೆ ಪೀಠಿಕೆ ಕಲಿಸಿದ್ದು

ಟೀಚರ್ ಕೆಲಸ ಸಿಕ್ಕಿ ಹೊಸದಾಗಿ ದೋಹಾಕ್ಕೆ ಬರುವ ಹುಡುಗಿಯರು ನನಗೆ ಫೋನ್ ಮಾಡಿ ಮೊದಲು ಕೇಳುವುದು ಫ್ಲ್ಯಾಟ್ ಹೇಗುಂಟು ಅಂತ, ಆಮೇಲೆ ಇಲ್ಲಿ ಬಸಳೆ ಸಿಗುತ್ತದಾ ಅಂತ. ಸಿಗುತ್ತದೆ ಮಾರಾಯ್ತಿ, ಅಲ್ ಥುಮಾಮಾದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ. ಕ್ಲಾಸಿನ ಬಾಗಿಲು ಹಾಕಿಕೊಂಡ ಮೇಲೆ ಎಂತ ಮಾಡಬೇಕು ಅಂತ ಮಾತ್ರ ಒಬ್ಬಳೂ ಕೇಳಿದವಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ರಿಟೈರ್ ಆದವರಿಗೆ ಅಷ್ಟು ಹಕ್ಕು ಉಂಟು.

ನನ್ನ ಹೆಸರು ವನಜಾ. ಕಿನ್ನಿಗೋಳಿ ಕಡೆಯವಳು, ಮನೆಮಾತು ತುಳು. ಇಲ್ಲಿನ ಒಂದು ಅಮೆರಿಕನ್ ಸಿಲೆಬಸ್ಸಿನ ಶಾಲೆಯಲ್ಲಿ ತಲೆ ಹಣ್ಣಾಗುವವರೆಗೆ ಸೋಶಿಯಲ್ ಸ್ಟಡೀಸ್ ಹೇಳಿಕೊಟ್ಟೆ. ಯಾವಾಗ ಹೆಡ್ ಆದೆ, ಯಾವಾಗ ನನಗೆ ಬೇರೆ ಕೋಣೆ ಕೊಟ್ಟರು, ಅದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿಮಗೆ ಮೂರು ಕಾಸಿನ ಪ್ರಯೋಜನ ಇಲ್ಲ. ನನ್ನ ನಿಜವಾದ ಕೆಲಸ ಒಂದೇ ಆಗಿತ್ತು. ಅಮೆರಿಕದ ಅಧ್ಯಕ್ಷರು ಅಧ್ಯಕ್ಷರಾಗುವ ಮೊದಲು ಯಾರಾಗಿದ್ದರು, ಯಾರ ಮನೆಯಲ್ಲಿ ಬೆಳೆದರು, ಸಣ್ಣವರಿದ್ದಾಗ ಎಂತ ಕಷ್ಟಪಟ್ಟರು ಎಂದು ಏಳನೇ ಕ್ಲಾಸಿನ ಮಕ್ಕಳಿಗೆ ತಿಳಿಸುವುದು.

ಇಂಟರ್‌ವ್ಯೂಗೆ ಹೋಗುವಾಗ ನನಗೆ ಅಮೆರಿಕ ಅಂದರೆ ಮ್ಯಾಪಿನಲ್ಲಿ ಎಡಗಡೆ ಇರುವ ದೇಶ, ಅಷ್ಟೇ. ಇಸವಿ, ಯುದ್ಧ, ಕಾನೂನು ಎಲ್ಲ ಉರು ಹೊಡೆದುಕೊಂಡು ಹೋಗಿದ್ದೆ. ಪ್ರಿನ್ಸಿಪಾಲ್ ಮಿಸೆಸ್ ಹಾಲ್, ಅಮೆರಿಕದವಳೇ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. "ಲಿಂಕನ್ನನ ಬಾಲ್ಯವನ್ನು ಮಕ್ಕಳಿಗೆ ಹೇಳುವ ಹಾಗೆ ನನಗೆ ಹೇಳಿ" ಅಂದಳು. ಉರು ಹೊಡೆದದ್ದೆಲ್ಲ ಆವಿಯಾಗಿ ಹೋಯಿತು. ಆಗ ನನಗೆ ನೆನಪಾದದ್ದು ನನ್ನ ತಂದೆಯ ತಾಳಮದ್ದಳೆ, ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಒಂದು ಪಾತ್ರ ಮಾತು ಶುರು ಮಾಡಬೇಕಾದರೆ ಮೊದಲು ಪೀಠಿಕೆ ಹಾಕಬೇಕು. ತಾನು ಯಾರು, ಎಲ್ಲಿಯವ, ಯಾರ ಮಗ, ಈಗ ಯಾಕೆ ಬಂದೆ, ಎಲ್ಲ. ನಾನು ಕುರ್ಚಿಯಿಂದ ಎದ್ದು ನಿಂತು, "ಬಂದವರು ಯಾರು?" ಅಂತ ನಾನೇ ಕೇಳಿ, "ನಾನು ಅಬ್ರಹಾಂ, ಕಾಡಿನೊಳಗೆ ಮರದ ದಿಮ್ಮಿ ಜೋಡಿಸಿ ಕಟ್ಟಿದ ಒಂದೇ ಕೋಣೆಯ ಮನೆಯವನು, ಥಾಮಸ್ ಲಿಂಕನ್ ಎಂಬ ಬಡಗಿಯ ಮಗ" ಅಂತ ನಾನೇ ಉತ್ತರ ಕೊಟ್ಟೆ, ಇಂಗ್ಲಿಷಿನಲ್ಲಿ, ಆದರೆ ಅಪ್ಪನ ಗಂಟಲಿನಲ್ಲಿ. ಮಿಸೆಸ್ ಹಾಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕೆಲಸ ಸಿಕ್ಕಿತು.

ಅಂದಿನಿಂದ ಅದೇ ನನ್ನ ಪದ್ಧತಿ ಆಯಿತು. ವರ್ಷದ ಕೊನೆಗೆ ಒಂದು ಸಲ, ಅಧ್ಯಕ್ಷರ ದಿನ ಅಂತ, ತಂದೆತಾಯಿಯ ಎದುರು, ಮಕ್ಕಳು ಒಬ್ಬೊಬ್ಬ ಅಧ್ಯಕ್ಷರಾಗಿ ವೇದಿಕೆಗೆ ಬರುವುದು. ನಾನು ಬದಿಯಲ್ಲಿ, ಹಾಡಿ ಆಟ ನಡೆಸುವ ಭಾಗವತರ ಹಾಗೆ ಕೂತು, ಡೆಸ್ಕಿಗೆ ಎರಡು ಬಡಿದು ಕೇಳುವುದು: ಬಂದವರು ಯಾರು? ಎಲ್ಲಿಂದ? ಯಾರ ಮಗ? ಯಾರ ಮಗ ಅಂತ ಕೇಳುವುದು ತೀರಾ ವೈಯಕ್ತಿಕ ಆಯಿತು ಅಂತ ಮಿಸೆಸ್ ಹಾಲ್ ಒಮ್ಮೆ ತಕರಾರು ತೆಗೆದಳು. "ಮೇಡಂ, ಈ ಊರಿನವರ ಹೆಸರಿನೊಳಗೇ ಅಪ್ಪ, ಅಜ್ಜ ಎಲ್ಲ ಸಾಲಾಗಿ ಕೂತಿದ್ದಾರೆ, ನಮ್ಮಲ್ಲಿ ಇನಿಷಿಯಲ್ಲಿನಲ್ಲಿ ಕೂತಿದ್ದಾರೆ. ಕೇಳಿದರೆ ಮಕ್ಕಳಿಗೆ ಖುಷಿಯೇ" ಅಂದೆ. ಅದು ಎಲ್ಲ ಮಕ್ಕಳಿಗೂ ಖುಷಿಯಲ್ಲ ಅಂತ ನನಗೆ ಗೊತ್ತಾಗಲು ತುಂಬ ವರ್ಷ ಬೇಕಾಯಿತು. ಅದನ್ನೇ ಹೇಳಲು ಹೊರಟಿರುವುದು, ಸ್ವಲ್ಪ ತಡೆಯಿರಿ.

ಇನಿಷಿಯಲ್ ಅಂದೆನಲ್ಲ, ಅದರಿಂದ ನನ್ನ ಮರ್ಯಾದೆ ಹೋದ ಕತೆಯೂ ಉಂಟು. ಹ್ಯಾರಿ ಎಸ್. ಟ್ರೂಮನ್ ಅಂತ ಒಬ್ಬ ಅಧ್ಯಕ್ಷ. ಆ 'ಎಸ್' ಎಂತದು ಅಂತ ಒಬ್ಬ ಹುಡುಗ ಕೇಳಿದ. ಗೊತ್ತಿಲ್ಲ ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ. ನನ್ನ ಹೆಸರಿನ ಮುಂದಿನ 'ಕೆ' ಅಂದರೆ ಕಿನ್ನಿಗೋಳಿ, ಹಾಗಾದರೆ ಅವನ 'ಎಸ್' ಅವನ ಊರೇ ಇರಬೇಕು ಅಂತ ನನ್ನ ಲೆಕ್ಕಾಚಾರ. "ಅದು ಅವನ ಊರಿನ ಹೆಸರು. ಮ್ಯಾಪ್ ನೋಡಿ ನಾಳೆ ಹುಡುಕಿ ತನ್ನಿ" ಅಂದೆ. ಮರುದಿನ ಮಕ್ಕಳು ಮಿಸೌರಿ ರಾಜ್ಯದ ಎಸ್ ಅಕ್ಷರದ ಊರುಗಳನ್ನೆಲ್ಲ ಹೊತ್ತು ತಂದರು. ಲೆಬನಾನಿನ ಒಂದು ಹುಡುಗಿ ಮಾತ್ರ ಕೈ ಎತ್ತಿ, "ಮಿಸ್, ಅವನು ಹುಟ್ಟಿದ್ದು ಲಮಾರ್ ಅಂತ ಊರಲ್ಲಿ. ಆ ಎಸ್‌ಗೆ ಅರ್ಥವೇ ಇಲ್ಲ" ಅಂದಳು. ವಿಷಯ ಏನೆಂದರೆ, ಅವನ ಇಬ್ಬರು ಅಜ್ಜಂದಿರ ಹೆಸರಿನಲ್ಲೂ ಎಸ್ ಇತ್ತು, ಒಬ್ಬರದ್ದು ಶಿಪ್, ಇನ್ನೊಬ್ಬರದ್ದು ಸಾಲೊಮನ್. ಇಬ್ಬರಿಗೂ ಬೇಸರ ಆಗಬಾರದು ಅಂತ ಬರೀ ಎಸ್ ಇಟ್ಟು ಬಿಟ್ಟದ್ದು! ತೊಟ್ಟಿಲು ಹಾಕುವ ದಿವಸ ನಮ್ಮಲ್ಲೂ ಹೀಗೇ ಜಗಳ ಆಗುವುದಲ್ವಾ? ಸ್ಟಾಫ್ ರೂಮಿನಲ್ಲಿ ಆ ವರ್ಷವಿಡೀ ನನ್ನನ್ನು 'ಎಸ್ ಮೇಡಂ' ಅಂತಲೇ ಕರೆದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ ಮಕ್ಕಳೇ, ಜೀವ ಏನೂ ಹೋಗುವುದಿಲ್ಲ.

ಇನ್ನೊಂದು ವರ್ಷ ಜಿಮ್ಮಿ ಕಾರ್ಟರ್ ಆದ ಹುಡುಗ, "ನಾನು ನೆಲಗಡಲೆ ಬೆಳೆಯುವ ಮನೆಯವನು" ಅಂತ ಪೀಠಿಕೆ ಹಾಕಿ, ಕೋಟಿನ ಎರಡೂ ಜೇಬಿನಿಂದ ಹುರಿದ ನೆಲಗಡಲೆ ತೆಗೆದು ಮುಂದಿನ ಸಾಲಿಗೆ ಹಂಚಿಯೇ ಬಿಟ್ಟ. ಅಲರ್ಜಿ ಇರುವ ಮಕ್ಕಳಿಗಾಗಿ ಶಾಲೆಯೊಳಗೆ ನೆಲಗಡಲೆ ತರಲೇಬಾರದು ಅಂತ ಕಟ್ಟುನಿಟ್ಟು. ಕೇರಳದ ನರ್ಸಮ್ಮ ಹುಡುಗರ ಬಾಯಿಗೆ ಬೆರಳು ಹಾಕಿ ತೆಗೆಸುತ್ತಾ ಓಡಾಡಿದ್ದನ್ನು ಈಗ ನೆನೆದರೆ ನಗು ಬರುತ್ತದೆ, ಆಗ ನಾನೂ ಅವಳ ಹಿಂದೆಯೇ ಓಡುತ್ತಿದ್ದೆ. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಮಿಸೆಸ್ ಹಾಲ್ ನನ್ನನ್ನು ಕರೆಸಿ, "ಮುಂದಿನ ವರ್ಷ ನಿಮ್ಮ ವಾಷಿಂಗ್ಟನ್ ಕೊಡಲಿ ಹಿಡಿದುಕೊಂಡು ಬರುತ್ತಾನಾ?" ಅಂತ ಕೇಳಿದಳು. "ಕೊಡಲಿಯಿಂದ ಚೆರ್ರಿ ಮರ ಕಡಿದ ಕತೆಯೇ ಸುಳ್ಳು ಮೇಡಂ, ಹಾಗಾಗಿ ಕೊಡಲಿ ಬರುವುದಿಲ್ಲ" ಅಂದೆ. ಬಾಯಿ ಮುಚ್ಚಿಕೊಂಡಿರಲು ನನಗೆ ಎಂದೂ ಬಂದಿಲ್ಲ.

ಕಾಲ ಬದಲಾಯಿತು. ಮೊದಲು ಮಕ್ಕಳು ಲೈಬ್ರರಿಯಲ್ಲಿ ಕೂತು ಚಾರ್ಟ್ ಬರೆಯುತ್ತಿದ್ದರು, ಆಮೇಲೆ ಇಂಟರ್ನೆಟ್ಟಿನಿಂದ ಚಿತ್ರ ತೆಗೆದು ಅಂಟಿಸಿದರು, ಈಗ ಕಂಪ್ಯೂಟರಿಗೆ ಹೇಳಿದರೆ ಅದೇ ಭಾಷಣ ಬರೆದು ಕೊಡುತ್ತದೆ. ಒಂದು ವರ್ಷ ಮೂರು ಸೆಕ್ಷನ್ನಿನ ಮೂರು ಜನ ಲಿಂಕನ್ನರು ಬಂದು ಒಂದೇ ಭಾಷಣ ಮಾಡಿದರು, ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ. ನನಗೆ ಸಿಟ್ಟು ನೆತ್ತಿಗೇರಿತು. ಅಂದಿನಿಂದ ಕೈಯಲ್ಲಿ ಕಾಗದ ಇಲ್ಲ ಅಂದೆ. ಪೀಠಿಕೆಯ ಎರಡು ಮಾತು ಮನೆಯ ಭಾಷೆಯಲ್ಲೇ ಆಗಬೇಕು ಅಂದೆ, ಅರಬ್ಬಿಯೋ, ಫಿಲಿಪ್ಪೀನ್ಸಿನವರ ತಗಲಾಗೋ, ಮಲಯಾಳವೋ. ಮನೆಯಲ್ಲಿ ಯಾರಾದರೂ ದೊಡ್ಡವರ ಹತ್ತಿರ ಕೂತು ಕೇಳಿ ಕಲಿಯಲೇಬೇಕಲ್ಲ! ಉಳಿದದ್ದು ಇಂಗ್ಲಿಷ್. ನಡುವೆ ನಾನು ಅಡ್ಡ ಪ್ರಶ್ನೆ ಹಾಕುತ್ತಿದ್ದೆ, ಅದಕ್ಕೆ ಕಂಪ್ಯೂಟರ್ ಉತ್ತರ ಬರೆದು ಕೊಟ್ಟಿರುವುದಿಲ್ಲ.

ಈಗ ನಿಹಾಲನ ವಿಷಯ. ನಾನು ರಿಟೈರ್ ಆಗುವುದಕ್ಕೆ ಸ್ವಲ್ಪ ಮೊದಲು ನನ್ನ ಕ್ಲಾಸಿಗೆ ಬಂದವನು. ಮೈಸೂರಿನ ಹುಡುಗ, ಸಪೂರ, ಮೊದಮೊದಲು ಬಾಯಿಗೆ ಬೀಗ ಹಾಕುವುದೇ ಕಷ್ಟ ಎಂಬಷ್ಟು ಮಾತು. ರಂಜಾನ್ ರಜೆ ಮುಗಿದು ಬಂದವನು ಇದ್ದಕ್ಕಿದ್ದ ಹಾಗೆ ಮೌನ. ಹಾಜರಿ ಕೂಗಿದರೆ ಕೈ ಎತ್ತುತ್ತಾನೆ, ಅಷ್ಟೇ. ಕೌನ್ಸೆಲರ್ ಕೂರಿಸಿ ಕೇಳಿದಳು, ಮಿಸೆಸ್ ಹಾಲ್ ಕೇಳಿದಳು, ಉಹುಂ.

ಅವನ ತಾಯಿ ರಶ್ಮಿ ಒಂದು ದಿನ ಲುಸೈಲಿನ ಆಫೀಸಿನಿಂದ ಊಟದ ಹೊತ್ತಿನಲ್ಲಿ ಓಡಿ ಬಂದಳು, ಕುತ್ತಿಗೆಯಲ್ಲಿ ಆಫೀಸಿನ ಕಾರ್ಡು ನೇತಾಡುತ್ತಲೇ ಇತ್ತು.

"ಮಿಸ್, ಮನೇಲೂ ಮಾತಾಡ್ತಿಲ್ಲ ಮಿಸ್. ನನ್ನ ಹತ್ರ ಒಂದೆರಡು ಮಾತು, ಸುಧಾಕರ್ ಹತ್ರ ಅದೂ ಇಲ್ಲ."

ಸುಧಾಕರ ಅಂದರೆ ಅವಳ ಎರಡನೇ ಗಂಡ. ಮೊದಲನೆಯವನು ಮೈಸೂರಿನಲ್ಲೇ ಇದ್ದಾನೆ, ಬಿಟ್ಟು ಹೋದ ಮೇಲೆ ಮಗನಿಗೆ ಒಂದು ಫೋನ್ ಮಾಡಿದವನಲ್ಲ. ಸುಧಾಕರ ನಮ್ಮ ಕಡೆಯ ತುಳುವ, ದುಖಾನಿನ ತೈಲ ಕಂಪನಿಯಲ್ಲಿ ಕೆಲಸ, ವಾರವಿಡೀ ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ಶುಕ್ರವಾರ, ಶನಿವಾರದ ರಜೆಗೆ ಗುರುವಾರ ಸಂಜೆ ಮನೆಗೆ ಬರುವುದು. ಮದುವೆಯಾದ ಹೊಸತರಲ್ಲಿ ಹುಡುಗ ಅವನ ಜೊತೆ ಚೆನ್ನಾಗಿಯೇ ಇದ್ದನಂತೆ, ಇಬ್ಬರೂ ಕೆಳಗೆ ಹೋಗಿ ಫುಟ್‌ಬಾಲ್ ಆಡುತ್ತಿದ್ದರಂತೆ.

"ಪ್ರಿನ್ಸಿಪಾಲ್ ಖಡಾಖಂಡಿತವಾಗಿ ಹೇಳ್ಬಿಟ್ರು. ವರ್ಷದ ಕೊನೇಲಿ ಅವನು ಎಲ್ಲರ ಎದುರು ಮಾತಾಡದೇ ಇದ್ರೆ ಮುಂದಿನ ವರ್ಷ ಸೀಟು ಕೊಡಲ್ವಂತೆ. ಆಗ ಮೈಸೂರಿಗೆ ಕರ್ಕೊಂಡು ಹೋಗಿ ನಮ್ಮಮ್ಮನ ಹತ್ರ ಬಿಟ್ಬಿಡ್ತೀನಿ. ಇಲ್ಲಿಟ್ಕೊಂಡು ಹೀಗೆ ನೋಡೋಕಾಗಲ್ಲ ನನ್ನಿಂದ" ಅಂದಳು. ಕುತ್ತಿಗೆಯ ಕಾರ್ಡು ತಿರುಗಿಸುತ್ತಾ, "ಸುಧಾಕರ್ ಕೂಡ ಮನೆಗೆ ಬಂದ್ರೆ ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ನಾನು ನಿಮ್ಮಿಬ್ಬರ ನಡುವೆ ಬಂದಿದ್ದೇ ತಪ್ಪಾಯ್ತು ಅಂತಾರೆ" ಅಂದಳು.

ನನಗೆ ಅವಳನ್ನು ನೋಡಿ ಪಾಪ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಹಠ ಬಂತು. ಹನ್ನೆರಡು ವರ್ಷದ ಹುಡುಗನನ್ನು ಮಾತಾಡಿಸಲಾಗದೆ ವಿಮಾನ ಹತ್ತಿಸುವುದಾದರೆ ನಾನು ಇಷ್ಟು ವರ್ಷ ಇಲ್ಲಿ ಎಂತ ಮಾಡಿದ್ದು? "ರಶ್ಮಿ, ಟಿಕೆಟ್‌ಗಿಕೆಟ್ ಅಂತ ಈಗಲೇ ಮಾತೆತ್ತಬೇಡ. ಅಧ್ಯಕ್ಷರ ದಿನ ಮುಗಿಯಲಿ. ಅವನು ಮಾತಾಡುತ್ತಾನೆ, ನಾನು ಮಾತಾಡಿಸುತ್ತೇನೆ" ಅಂದೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ.

ಯಾರು ಯಾವ ಅಧ್ಯಕ್ಷ ಅಂತ ನಾನು ಚೀಟಿ ಎತ್ತಿಸುತ್ತಿದ್ದೆ. ಈ ಸಲ ನಿಹಾಲನ ಸರದಿ ಬಂದಾಗ ಡಬ್ಬಿಯೊಳಗೆ ಕೈಚಳಕ ಮಾಡಿದೆ. ಅವನಿಗೆ ಬಂದದ್ದು ಜೆರಾಲ್ಡ್ ಫೋರ್ಡ್. ಈ ಫೋರ್ಡನ ಕತೆ ನಿಮಗೆ ಗೊತ್ತಿರಲಿಕ್ಕಿಲ್ಲ. ಹುಟ್ಟುವಾಗ ಅವನ ಹೆಸರೇ ಬೇರೆ, ಲೆಸ್ಲಿ ಕಿಂಗ್. ಅಪ್ಪ ಹೊಡೆಯುವವನು. ತಾಯಿ ಎಳೆಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಆಮೇಲೆ ಬಣ್ಣ, ವಾರ್ನಿಷ್ ವ್ಯಾಪಾರದ ಒಬ್ಬ ಫೋರ್ಡ್‌ನನ್ನು ಮದುವೆಯಾದಳು. ಮಗುವನ್ನೂ ಆ ಫೋರ್ಡನ ಹೆಸರಿನಿಂದಲೇ ಕರೆದರು. ಹುಡುಗ ದೊಡ್ಡವನಾಗಿ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಾಗ ಯಾರೋ ಅಪರಿಚಿತ ಬಂದು, ನಾನೇ ನಿನ್ನ ಅಪ್ಪ ಅಂದನಂತೆ, ಊಟಕ್ಕೆ ಕರೆದುಕೊಂಡು ಹೋದನಂತೆ, ಹೋಗಿಬಿಟ್ಟನಂತೆ. ಹುಡುಗ ಫೋರ್ಡ್ ಆಗಿಯೇ ಉಳಿದ. ಮುಂದೆ ಆ ಹೆಸರನ್ನೇ ಕಾನೂನು ಪ್ರಕಾರ ಮಾಡಿಕೊಂಡ.

ನಮ್ಮ ಭಾಷೆಯನ್ನೇ ನೋಡಿ. ರೈಲು ಬರದಿದ್ದರೆ ಪೇಪರಿನವರು ಮಲತಾಯಿ ಧೋರಣೆ ಅಂತ ಬರೆಯುತ್ತಾರೆ. ಲಿಂಕನ್ನನ ಮಲತಾಯಿ ಅವನಿಗೆ ಓದಲು ಹುರುಪು ಕೊಟ್ಟು, ಸ್ವಂತ ಮಗನಿಗಿಂತ ಹೆಚ್ಚಾಗಿ ನೋಡಿಕೊಂಡವಳು. ಅಂಥವಳನ್ನು ಹೆಸರಿಸಲು ನಮ್ಮಲ್ಲಿ ಒಂದು ಒಳ್ಳೆಯ ಶಬ್ದ ಇಲ್ಲ. ಮಲತಂದೆ ಅಂತಲಂತೂ ಮನೆಯೊಳಗೆ ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ.

ಮರುದಿನ ಕ್ಲಾಸು ಬಿಟ್ಟ ಮೇಲೆ ನಿಹಾಲ ಹೋಗಲಿಲ್ಲ. ಎಲ್ಲರೂ ಹೊರಗೆ ಹೋದದ್ದೇ ಫೋರ್ಡನ ಚೀಟಿಯನ್ನು ನನ್ನ ಮೇಜಿನ ಮೇಲೆ ಬಿಸಾಡಿದ.

"ಬೇಕಂತಲೇ ಕೊಟ್ರಿ ಇದನ್ನ! ನಿಮಗೂ ಗೊತ್ತು! ಎಲ್ಲರಿಗೂ ಗೊತ್ತು!"

ಅಬ್ಬಾ, ಬಾಯಿ ಬಂತಲ್ಲ ಅಂತ ನನಗೆ ಒಳಗೊಳಗೇ ಸಂತೋಷ. ಮುಖ ಗಂಟು ಹಾಕಿಕೊಂಡೇ ಕೇಳಿದೆ, "ಎಂತ ಗೊತ್ತು ನನಗೆ?"

"ನನ್ನನ್ನ ಅಪ್ಪನ ಹತ್ರ ಕಳಿಸ್ತಾರೆ ಅಂತ."

"ಯಾರು ಕಳಿಸುವುದು?"

"ಅವರೇ. ಫೋನಲ್ಲಿ ಹೇಳ್ತಿದ್ರು. ತುಳುನಲ್ಲಿ ಹೇಳಿದ್ರೆ ನಂಗೆ ಗೊತ್ತಾಗಲ್ಲ ಅನ್ಕೊಂಡಿದ್ದಾರೆ. ನಂಗೆ ಗೊತ್ತಾಯ್ತು. ಅಪ್ಪ, ಟಿಕೆಟ್, ಊರು." ಚೀಟಿಯನ್ನು ಮತ್ತೆ ಎತ್ತಿಕೊಂಡು ಮಡಚಿದ. "ಅಪ್ಪಂಗೆ ನಾನು ಬೇಡ ಮಿಸ್. ಅಲ್ಲಿ ಹೋಗಿ ನಾನೇನ್ ಮಾಡ್ಲಿ?"

ನಾನು ಅವನನ್ನು ಕೂರಿಸಿ, ನೀರು ಕುಡಿಸಿ, ಫೋನಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳು ಅಂದೆ. ಮಕ್ಕಳ ಕಿವಿ ಅಂದರೆ ಕಿವಿ. ಅರ್ಥ ಗೊತ್ತಿಲ್ಲದಿದ್ದರೂ ಚಾಚೂ ತಪ್ಪದೆ ಒಪ್ಪಿಸಿದ: "ಅಪ್ಪೆಗ್ ಟಿಕೆಟ್ ಮಲ್ತೆ. ಊರುಡ್ದು ಒಟ್ಟುಗು ಏರ್ ಬರ್ಪೆರ್?"

ಅಯ್ಯೋ ದೇವರೇ! ನನಗೆ ನಗು ಬಂತಾ, ಅಳು ಬಂತಾ, ಹೇಳಲಾರೆ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ. ಅಮ್ಮೆ ಅಂದರೆ ತಂದೆ, ಮರ್ಯಾದೆ ಕೊಟ್ಟು ಅಮ್ಮೆರ್. ಕನ್ನಡಕ್ಕೆ ಸರಿಯಾಗಿ ಉಲ್ಟಾ. ಸುಧಾಕರ ಫೋನಿನಲ್ಲಿ ಹೇಳಿದ್ದು ಇಷ್ಟೇ: ಅಮ್ಮನಿಗೆ ಟಿಕೆಟ್ ಮಾಡಿದೆ, ಊರಿನಿಂದ ಜೊತೆಗೆ ಯಾರು ಬರುತ್ತಾರೆ? ಅವನ ತಾಯಿ ದೋಹಾ ನೋಡಲು ಬರುವುದಿತ್ತು. ಅದಕ್ಕೆ ಈ ಮಗು ಎರಡು ತಿಂಗಳು ಬಾಯಿ ಹೊಲಿದುಕೊಂಡು ಕೂತಿದೆ!

ಬಿಡಿಸಿ ಹೇಳಿದೆ. ಅವನು ನಂಬಬೇಕಲ್ಲ!

"ಅಪ್ಪೆ ಅಂದ್ರೆ ಅಮ್ಮಾನಾ? ಯಾವ ಭಾಷೇಲಾದ್ರೂ ಹಂಗಿರುತ್ತಾ? ನನ್ನನ್ನ ಸಮಾಧಾನ ಮಾಡೋಕೆ ಹೇಳ್ತಿದ್ದೀರಿ."

ಆಯಿತು, ಸಾಕ್ಷಿ ಬೇಕಲ್ವಾ ನಿನಗೆ, ಅಂತ ಅವನೆದುರೇ ಸುಧಾಕರನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಾನು ತುಳುವಿನಲ್ಲಿ, ಟಿಕೆಟ್ ಯಾರಿಗೆ ಮಾರಾಯಾ ಮಾಡಿದ್ದು ಅಂದರೆ, ಅವನು ಪಾಪ ಏನೂ ಅರಿಯದೆ, "ಅಪ್ಪೆಗ್ ಟೀಚರ್, ಬರ್ಪಿನ ವಾರ ಬರ್ಪೆರ್" ಅಂದ, ಅಮ್ಮನಿಗೆ, ಬರುವ ವಾರ ಬರುತ್ತಾರೆ ಅಂತ.

"ನೋಡಿ! ಮತ್ತೆ ಅಪ್ಪೆ ಅಂದ್ರು!" ಅಂತ ನಿಹಾಲ ಎದ್ದು ನಿಂತ.

ಇನ್ನು ಇವನಿಗೆ ವಾದದಿಂದ ಆಗುವುದಿಲ್ಲ ಅಂತ ಸುಮ್ಮನಾದೆ. ರಶ್ಮಿಗೆ, ಸುಧಾಕರನಿಗೆ ಮಾತ್ರ ವಿಷಯ ಹೇಳಿದೆ. ನೀವು ಈಗ ಮೈಮೇಲೆ ಬಿದ್ದು ಅಪ್ಪಿ ಮುದ್ದಾಡಲು ಹೋಗಬೇಡಿ, ಅವನ ಕಣ್ಣಿಗೆ ಕಾಣಲಿ ಅಂದೆ. ಮುಂದಿನ ವಾರ ವಿಮಾನ ಬಂತು. ಭಾನುವಾರ ಬೆಳಿಗ್ಗೆ ಹುಡುಗ ಎಲ್ಲರಿಗಿಂತ ಮೊದಲು ಕ್ಲಾಸಿಗೆ ಬಂದು, ನನ್ನ ಮೇಜಿನ ಹತ್ತಿರ ನಿಂತು, ದೊಡ್ಡ ಸಂಶೋಧನೆ ಮಾಡಿದವನ ಹಾಗೆ ಹೇಳಿದ, "ಮಿಸ್, ಅಪ್ಪೆ ಬಂದ್ರು. ಹೆಂಗಸೇ."

"ಮತ್ತೆ ನಾನು ಎಂತ ಹೇಳಿದ್ದು ಮಾರಾಯಾ!"

"ಹಲಸಿನ ಹಪ್ಪಳ ತಂದಿದ್ದಾರೆ. ತುಂಬಾ ಬೈತಾರೆ. ಆದ್ರೆ ಒಳ್ಳೆಯವರು."

ಇಷ್ಟಾದರೆ ಕತೆ ಮುಗಿಯಿತು ಅಂತ ನಾನೂ ಎಣಿಸಿದ್ದೆ. ಹೆದರಿಕೆ ಹೋಯಿತು, ಕ್ಲಾಸಿನಲ್ಲಿ ಅಷ್ಟಿಷ್ಟು ಮಾತಾಡಿದ. ವೇದಿಕೆಯ ಅಭ್ಯಾಸದಲ್ಲಿ ಮಾತ್ರ 'ಯಾರ ಮಗ' ಅನ್ನುವಲ್ಲಿಗೆ ಬಂದು ನಿಂತುಬಿಡುತ್ತಿದ್ದ. ಅಲ್ಲಿಂದ ಮುಂದೆ ಒಂದಕ್ಷರ ಇಲ್ಲ. ಒಂದು ದಿನ ಕೂರಿಸಿ ಕೇಳಿದೆ, ಸುಧಾಕರನನ್ನು ಮನೆಯಲ್ಲಿ ಎಂತ ಕರೆಯುತ್ತೀ ಅಂತ.

"ಏನೂ ಕರೆಯಲ್ಲ. ಹತ್ರ ಹೋಗಿ ನಿಂತ್ಕೋತೀನಿ, ಅವರೇ ತಿರುಗಿ ನೋಡ್ತಾರೆ" ಅಂದ. "ಅಂಕಲ್ ಅಂದ್ರೆ ವಾ‌ಚ್‌ಮನ್‌ಗೂ ಅಂಕಲ್ ಅಂತೀವಿ. ಅಪ್ಪ ಅಂತ ಬಾಯಿಗೆ ಬರಲ್ಲ ಮಿಸ್. ಅದು ಬೇರೆಯವರ ಹೆಸರು."

ಟ್ರೂಮನ್ ಕಲಿಸಿದ ಪಾಠ ನೆನಪಿತ್ತು, ಹಾಗಾದರೆ ಎಂತ ಕರೆಯಬೇಕು ಅಂತ ನನಗೂ ಗೊತ್ತಿಲ್ಲ ಮಗಾ ಅಂದೆ. ಸುಧಾಕರನೂ ಒಮ್ಮೆ ಬಂದಿದ್ದ, ಗಟ್ಟಿಮುಟ್ಟಾದ ಆಳು, ಮಾತಾಡುವಾಗ ನೆಲ ನೋಡುತ್ತಿದ್ದ. "ಅಂವ ಎಂತ ಕರೆದರೂ ಅಡ್ಡಿಲ್ಲ ಟೀಚರ್. ಕರೆದರೆ ಸಾಕು" ಅಂದ. ಮಿಸೆಸ್ ಹಾಲ್ ಬೇರೆ, ಆ ಹುಡುಗನಿಗೆ 'ಯಾರ ಮಗ' ಪ್ರಶ್ನೆ ಬಿಟ್ಟುಬಿಡಿ, ಸುಮ್ಮನೆ ಯಾಕೆ ಹಿಂಸೆ ಅಂದಳು. ಬಿಡುವುದಿಲ್ಲ ಅಂದೆ. ಎಲ್ಲರಿಗೂ ಕೇಳಿ ಅವನೊಬ್ಬನಿಗೆ ಕೇಳದಿದ್ದರೆ ಅದಕ್ಕಿಂತ ದೊಡ್ಡ ಹಿಂಸೆ ಯಾವುದುಂಟು? "ಅವನು ನಿಂತಲ್ಲೇ ನಿಂತರೆ ಸೀಟು ಹೋಗುತ್ತದೆ, ನೆನಪಿರಲಿ" ಅಂದಳು. "ನೆನಪುಂಟು ಮೇಡಂ" ಅಂದೆ.

ಆ ದಿನ ಗುರುವಾರ. ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಮಿಸೆಸ್ ಹಾಲ್, ಪಕ್ಕದಲ್ಲಿ ಕೌನ್ಸೆಲರ್. ಮೂರನೇ ಸಾಲಿನಲ್ಲಿ ರಶ್ಮಿ, ಅವಳ ಬಗಲಿಗೆ ಕೈಮಗ್ಗದ ಸೀರೆ ಉಟ್ಟ ಸುಧಾಕರನ ತಾಯಿ, ಎಲ್ಲವನ್ನೂ ಬೆರಗಿನಿಂದ ನೋಡುತ್ತಾ. ಸುಧಾಕರನ ಕುರ್ಚಿ ಖಾಲಿ. ಅರ್ಧ ದಿನ ರಜೆ ಹಾಕಿ ದುಖಾನಿನಿಂದ ಹೊರಟಿದ್ದಾನೆ, ದಾರಿಯಲ್ಲಿ ಇದ್ದಾನೆ ಅಂತ ರಶ್ಮಿ ಸನ್ನೆ ಮಾಡಿದಳು. ದುಖಾನ್ ಅಂದರೆ ದೇಶದ ಆ ತುದಿ. ಲಿಂಕನ್ ಬಂದು ಹೋದ, ಟ್ರೂಮನ್ ಬಂದು ಹೋದ, ಗಡ್ಡ ಅಂಟಿಸಿಕೊಂಡ ಒಬ್ಬಳು ಕತಾರಿ ಹುಡುಗಿ ಗ್ರಾಂಟ್ ಆಗಿ ಬಂದು ಚಪ್ಪಾಳೆ ಗಿಟ್ಟಿಸಿದಳು. ಕುರ್ಚಿ ಖಾಲಿಯೇ.

ನಿಹಾಲ ಬಂದ. ಕೋಟು ಅವನಿಗೆ ದೊಡ್ಡದಾಗಿತ್ತು. ಡೆಸ್ಕಿಗೆ ಎರಡು ಬಡಿದೆ.

"ಬಂದವರು ಯಾರು?"

ಅವನು ಕೋಟಿನ ತೋಳು ಎಳೆದುಕೊಳ್ಳುತ್ತಾ ನಿಂತ. ಮಿಸೆಸ್ ಹಾಲ್ ನನ್ನತ್ತ ಕೈ ಎತ್ತಿ, ಸಾಕು ನಿಲ್ಲಿಸಿ ಅಂತ ತೋರಿಸಿದ್ದು ಕಣ್ಣಂಚಿಗೆ ಕಂಡಿತು. ನಾನು ಆ ಕಡೆ ತಿರುಗಲೇ ಇಲ್ಲ. ಇನ್ನೂ ಜೋರಾಗಿ ಬಡಿದೆ. "ಬಂದವರು ಯಾರು? ಎಲ್ಲಿಂದ?"

"ನಾನು ಜೆರಾಲ್ಡ್ ಫೋರ್ಡ್" ಅಂದ, ಕನ್ನಡದಲ್ಲಿ, ಸಣ್ಣ ಸ್ವರದಲ್ಲಿ. "ಹುಟ್ಟಿದಾಗ ನನ್ನ ಹೆಸರು ಬೇರೆ ಇತ್ತು. ಬೆಳೆದ ಊರೂ ಬೇರೆ." ಆಮೇಲೆ ಇಂಗ್ಲಿಷಿಗೆ ಹೊರಳಿದ, ಹೊರಳಿದವನಿಗೆ ನಿಲ್ಲಲು ಗೊತ್ತಾಗಲಿಲ್ಲ. ತಾಯಿ ಎತ್ತಿಕೊಂಡು ಬಂದದ್ದು, ವಾರ್ನಿಷ್ ಅಂಗಡಿ, ಫುಟ್‌ಬಾಲ್, ಹೋಟೆಲಿಗೆ ಬಂದ ಅಪರಿಚಿತ, ಎಲ್ಲ ಹೇಳಿದ. "ಅವನು ನನಗೆ ಊಟ ಕೊಡಿಸಿದ. ನನ್ನ ಹೋಂವರ್ಕ್ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ" ಅಂತ ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದ. ಜನ ನಕ್ಕರು. ಮಿಸೆಸ್ ಹಾಲ್ ಕೌನ್ಸೆಲರ್ ಕಡೆ ತಿರುಗಿ ತಲೆ ಆಡಿಸಿದಳು. ಸೀಟು ಉಳಿಯಿತು ಅಂತ ನನಗೆ ಗೊತ್ತಾಯಿತು. ಅಲ್ಲಿಗೇ ಇಳಿಸಿ ಕಳಿಸಬಹುದಿತ್ತು. ನಾನು ಬಿಡಲಿಲ್ಲ.

"ಯಾರ ಮಗ?" ಅಂದೆ.

ಅವನು ನನ್ನನ್ನು ನೋಡಿದ. ತಾಯಿಯನ್ನು ನೋಡಿದ. ಖಾಲಿ ಕುರ್ಚಿಯನ್ನು ನೋಡಿದ. ನಾನು ತಪ್ಪು ಮಾಡಿದೆನೇನೋ ಅಂತ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಸುಧಾಕರ, ಕಂಪನಿಯ ನೀಲಿ ಡ್ರೆಸ್ಸಿನಲ್ಲೇ, ಬೂಟು ತುಂಬ ಧೂಳು, ಒಳಗೆ ಬರಲೋ ಬೇಡವೋ ಅಂತ ಬಾಗಿಲಲ್ಲೇ ನಿಂತ.

ನಿಹಾಲ ಕೈ ಎತ್ತಿ ಬಾಗಿಲಿನ ಕಡೆ ತೋರಿಸಿದ. ಅಜ್ಜಿಯ ಹತ್ತಿರ ಅವನು ತುಳು ಕಲಿಯುತ್ತಿದ್ದ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮೆರ್ ಬತ್ತೆರ್!" ಅಂದ. ಅಪ್ಪ ಬಂದರು.

ಅಲ್ಲಿದ್ದ ಕನ್ನಡದವರು, ಮಲಯಾಳದವರು ಎಲ್ಲ ಹುಡುಗ ಅಮ್ಮ ಅಂದ ಅಂತಲೇ ತಿಳಿದು ರಶ್ಮಿಯ ಕಡೆ ತಿರುಗಿದರು. ಅವಳೂ ಗಡಬಡಿಸಿ ಎದ್ದು ನಿಂತು, "ಇಲ್ಲೇ ಇದ್ದೀನಲ್ಲ ಕಂದ" ಅಂದಳು. ನನ್ನನ್ನು, ಅಜ್ಜಿಯನ್ನು ಬಿಟ್ಟರೆ ಶಬ್ದ ಗೊತ್ತಿದ್ದವನು ಸುಧಾಕರನೊಬ್ಬ. ಅವನು ಬಾಗಿಲಲ್ಲಿ ನಿಂತವನು, ಮೈಸೂರಿನಲ್ಲಿರುವ ಅಪ್ಪನೇ ಬಂದನೇನೋ ಎಂಬಂತೆ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಮೂರನೇ ಸಾಲಿನಿಂದ ಅವನ ತಾಯಿ ಎದ್ದು, ಅಷ್ಟು ಜನರ ನಡುವೆ, ಗದ್ದೆಯ ಆಚೆ ಬದಿಯಲ್ಲಿ ಇರುವವರನ್ನು ಕೂಗುವ ಸ್ವರದಲ್ಲಿ ಬೊಬ್ಬೆ ಹೊಡೆದರು:

"ಪಿರ ದಾನೆ ತೂಪ ಸುಧಾಕರಾ? ನಿನನೇ ಲೆಪ್ಪುನಿ!"

ಹಿಂದೆ ಎಂತ ನೋಡುತ್ತೀ, ನಿನ್ನನ್ನೇ ಕರೆಯುವುದು.